ಕಾಳಿನೊಳಗಿನ ನೀರು

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹೆಸರು ನಾಡಿಗೆಲ್ಲ ಗೊತ್ತಾದದ್ದು ನೀರಿನಿಂದ. ಸರಕಾರ ಇಂದು ಕಟ್ಟೀತು, ನಾಳೆ ಕಟ್ಟೀತು ಎಂದು ಕಾದು ಬೇಸತ್ತ ಕೃಷ್ಣಾ ತೀರದ ರೈತರು ತಾವೇ ಸಂಘ ಮಾಡಿಕೊಂಡು, ತಾವೇ ಹಣ ಹಾಕಿ, ತಾವೇ ಕಲ್ಲುಮಣ್ಣು ಹೊತ್ತು 1989ರಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಎರಡೇ ವರ್ಷದಲ್ಲಿ, 1991ರ ಲೋಕಸಭಾ ಚುನಾವಣೆಯಲ್ಲಿ, ಅವರು ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ‘ಶ್ರಮಬಿಂದು ಸಾಗರ’ ಎಂದು ಹೆಸರು ಪಡೆದ ಆ ಕಟ್ಟೆಯ ಬಗ್ಗೆ ಸಾಕಷ್ಟು ಬರಹಗಳು ಬಂದಿವೆ. ನಾನಿಲ್ಲಿ ಬರೆಯಹೊರಟಿರುವುದು ಅದೇ ಊರುಗಳ ಹೊಲಗಳಲ್ಲಿ ಮಾಘ ಫಾಲ್ಗುಣದ ಹೊತ್ತಿಗೆ ನಡೆಯುವ ಇನ್ನೊಂದು ಕೆಲಸದ ಬಗ್ಗೆ. ಅದು ನೀರು ತರುವ ಕೆಲಸವಲ್ಲ, ನೀರನ್ನು ಹೊರಗಟ್ಟುವ ಕೆಲಸ. ಸುಗ್ಗಿ ಎಂದು ನಾವು ಕರೆಯುವ ಆ ಎರಡು ತಿಂಗಳ ಓಡಾಟವನ್ನೆಲ್ಲ ಒಬ್ಬ ವಿಜ್ಞಾನಿಯ ಕಣ್ಣಿನಿಂದ ನೋಡಿದರೆ, ಅದು ಒಂದೊಂದು ಕಾಳಿನ ಹೊಟ್ಟೆಯಿಂದಲೂ ನೀರು ತೆಗೆಯುವ, ತೆಗೆದದ್ದು ಮತ್ತೆ ಒಳಗೆ ಹೋಗದಂತೆ ಕಾಯುವ ಹೋರಾಟವಾಗಿ ಕಾಣುತ್ತದೆ.

ಇದರಲ್ಲೊಂದು ಚೋದ್ಯವಿದೆ. ಹೊಳೆಯ ನೀರು ಸಿಕ್ಕ ಕಡೆಯೆಲ್ಲ ಇಂದು ಕಬ್ಬು ನಿಂತಿದೆ. ಕಬ್ಬಿನ ಸುಗ್ಗಿ ಕಾಳಿನ ಸುಗ್ಗಿಗೆ ಪೂರ್ತಿ ಉಲ್ಟಾ. ಕಡಿದ ಕಬ್ಬು ಒಣಗಿತೋ, ತೂಕವೂ ಹೋಯಿತು, ಒಳಗಿನ ಸಕ್ಕರೆಯೂ ಒಡೆದು ಬೇರೆ ಸಕ್ಕರೆಗಳಾಗಿ ಕಾರ್ಖಾನೆಗೆ ಕೆಲಸಕ್ಕೆ ಬಾರದಂತಾಯಿತು. ಅದಕ್ಕೇ ಕಡಿದ ಮರುಗಳಿಗೆಯಿಂದ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಧಾವಂತ. ಅದೇ ರಸ್ತೆಯ ಪಕ್ಕದ ಎರಿ ಹೊಲದಲ್ಲಿ ಬಿಳಿಜೋಳ ಒಣಗಲೆಂದು ನಿಂತಿರುತ್ತದೆ. ಅಲ್ಲಿ ಅವಸರ ಮಾಡಿದವನೇ ಕೆಟ್ಟ. ಒಂದೇ ಮನೆಯ ಅಣ್ಣ ಕಬ್ಬಿನ ಗ್ಯಾಂಗಿನ ಹಿಂದೆ ಫೋನು ಹಿಡಿದು ಓಡುತ್ತಿರುವಾಗ ತಮ್ಮ ಜೋಳದ ತೆನೆ ಹಿಸುಕಿ ‘ಇನ್ನಾ ನಾಕ ದಿನಾ ಆಗಲಿ’ ಎಂದು ಬದುವಿನ ಮೇಲೆ ಕೂತಿರುವುದನ್ನು ಈ ಭಾಗದಲ್ಲಿ ಮಾತ್ರ ಕಾಣಬಹುದೇನೋ.

ಹಿಂಗಾರಿ ಜೋಳ ಬದುಕುವುದೇ ಉಳಿತಾಯದ ನೀರಿನ ಮೇಲೆ. ಬಾಗಲಕೋಟೆ ಸೀಮೆಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಹೊತ್ತಿಗೆ ಬಂದು ಮುಗಿಯುತ್ತದೆ. ಬಿತ್ತುವುದು ಆಮೇಲೆ. ಅಂದರೆ ಮಳೆ ಹೋದ ಮೇಲೆ ಬೆಳೆ ಶುರು. ಇದು ಸಾಧ್ಯವಾಗುವುದು ಎರಿ ಮಣ್ಣಿನ ಗುಣದಿಂದ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಿಂದ ಹಿಡಿದು ಹರಿದು ಬರುವ ದಾರಿಯುದ್ದಕ್ಕೂ ದಖ್ಖನ್ನಿನ ಲಾವಾ ಬಂಡೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹೆಪ್ಪುಗಟ್ಟಿದ್ದು. ಅದು ಸವೆದು ಆದ ಜೇಡಿಯ ಕಣ ಹಾಳೆ ಹಾಳೆಯಾಗಿರುತ್ತದೆ. ಹಾಳೆಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ನೀರು ಹೋದಾಗ ಕುಗ್ಗಿ ಬಿರಿಯುತ್ತದೆ. ಒಂದು ಮೀಟರ್ ಆಳದ ಒಳ್ಳೆಯ ಎರಿ ನೆಲ ಬೇರಿಗೆ ದಕ್ಕುವಂತೆ 150ರಿಂದ 200 ಮಿಲಿಮೀಟರ್ ನೀರನ್ನು ಇಟ್ಟುಕೊಳ್ಳಬಲ್ಲದು. ಜೋಳದ ಬೇರು ಒಂದೂವರೆ ಮೀಟರ್‌ಗೂ ಕೆಳಗಿಳಿದು ಅದನ್ನು ಹೀರುತ್ತದೆ. ಮಾಲದಂಡಿಯಂಥ ಹಳೆಯ ತಳಿ, ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿ ಎಂ 35-1 ಎಂದು ನಂಬರು ಹಚ್ಚಿದ್ದು, ಇವತ್ತಿಗೂ ಹೊಲದಲ್ಲಿ ಉಳಿದಿರುವುದು ಈ ಲೆಕ್ಕ ಅದಕ್ಕೆ ಚೆನ್ನಾಗಿ ಗೊತ್ತಿರುವುದರಿಂದ. ತೆನೆ ತುಂಬುವ ಹೊತ್ತಿಗೆ ನೆಲದ ನೀರು ತಳ ಕಾಣುತ್ತದೆ, ಹೊಲ ಅಂಗೈ ಹೋಗುವಷ್ಟು ಬಿರಿಯುತ್ತದೆ, ಬೆಳೆ ಒಣಗುತ್ತದೆ. ಎಲ್ಲವೂ ಒಟ್ಟಿಗೇ ಮುಗಿಯಬೇಕು. ನೀರು ಮೊದಲೇ ಮುಗಿದರೆ ಜೊಳ್ಳು.

ಎಳ್ಳಮಾಸಿಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಎಣಗಾಯಿ ಉಣ್ಣುವಾಗ ಜೋಳ ಇನ್ನೂ ಹಸಿರು. ಅದಾದ ಕೆಲವು ವಾರಕ್ಕೆ ಸೀತನಿ ಕಾಲ. ಕಾಳಿನೊಳಗೆ ಹಾಲಿದ್ದು, ಹಿಸುಕಿದರೆ ಹಿಟ್ಟಿನ ಕಡೆ ತಿರುಗುತ್ತಿರುವ ಆ ನಾಲ್ಕು ದಿನ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತಿನ್ನುತ್ತಾರೆ. ಸಿಹಿಯ ಗುಟ್ಟು ಇಷ್ಟೇ: ಎಲೆಯಿಂದ ಕಾಳಿಗೆ ಸಕ್ಕರೆ ಹರಿದು ಬರುತ್ತಿದೆ, ಅದೆಲ್ಲ ಇನ್ನೂ ಪಿಷ್ಟವಾಗಿಲ್ಲ. ಒಂದು ವಾರ ತಡೆದರೆ ಅದೇ ತೆನೆ ಬರೀ ಹಿಟ್ಟು.

ಹಾಗಾದರೆ ಕಾಳು ಬಲಿತದ್ದು ಯಾವಾಗ? ಕೃಷಿ ವಿಜ್ಞಾನದ ಪುಸ್ತಕ ಹೇಳುವ ಗುರುತು ತುಂಬ ಸಣ್ಣದು. ತೆನೆಯ ಬುಡದ ಕಡೆಯಿಂದ ಒಂದು ಕಾಳು ಬಿಡಿಸಿ, ಅದು ದಂಟಿಗೆ ಅಂಟಿಕೊಂಡಿದ್ದ ತುದಿಯನ್ನು ಮೇಲೆ ಮಾಡಿ ನೋಡಿ. ಅಲ್ಲಿ ಸೂಜಿಮೊನೆಗಿಂತ ಸ್ವಲ್ಪ ದೊಡ್ಡ ಕಪ್ಪು ಚುಕ್ಕೆ ಮೂಡಿದ್ದರೆ ಗಿಡ ತನ್ನ ಬಾಗಿಲು ಹಾಕಿದೆ ಎಂದರ್ಥ. ಆಹಾರ ಸಾಗಿಸುತ್ತಿದ್ದ ನಾಳದ ಜೀವಕೋಶಗಳು ಸತ್ತು ಕಪ್ಪಾಗಿ ಮುಚ್ಚಿಕೊಂಡಿವೆ. ಇನ್ನು ಒಂದು ಗುಲಗಂಜಿಯಷ್ಟೂ ತೂಕ ಏರುವುದಿಲ್ಲ. ತೆನೆಯ ತುದಿಯಲ್ಲಿ ಚುಕ್ಕೆ ಮೊದಲು ಬರುತ್ತದೆ, ಬುಡಕ್ಕೆ ಇಳಿಯಲು ಒಂದು ವಾರದ ಮೇಲೆ ಬೇಕು. ಅದಕ್ಕೇ ಬುಡದ ಕಾಳನ್ನು ನೋಡಬೇಕು. ಆದರೆ ಚುಕ್ಕೆ ಮೂಡಿದ ದಿನ ಕಾಳಿನಲ್ಲಿ ನೂರಕ್ಕೆ ಮೂವತ್ತು ಪಾಲಿನಷ್ಟು ನೀರು ಇನ್ನೂ ಇರುತ್ತದೆ. ಬಲಿತದ್ದು ನಿಜ, ರಾಶಿಗೆ ಬಂದದ್ದಲ್ಲ. ಈ ಎರಡರ ನಡುವಿನ ದಿನಗಳೇ ರೈತನಿಗೆ ನಿದ್ದೆಗೇಡು. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಬಲಿತ ಕಾಳು ನೀರು ಕುಡಿದು ಎಚ್ಚರಗೊಳ್ಳುತ್ತದೆ. ಮೊಳೆಯಲೆಂದು ತನ್ನದೇ ಪಿಷ್ಟವನ್ನು ಕತ್ತರಿಸುವ ಕಿಣ್ವ ಹೊರಡಿಸುತ್ತದೆ. ಮೇಲಿಂದ ಬೂಜು ಕೂತು ಬಿಳಿಜೋಳ ಕಪ್ಪಾಗುತ್ತದೆ. ಪೇಟೆಯಲ್ಲಿ ಅದಕ್ಕೆ ದರವಿಲ್ಲ, ಮನೆಯಲ್ಲಿ ಅದರ ಹಿಟ್ಟಿಗೆ ಜಿಗಿ ಇಲ್ಲ. ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ ಎಂದು ಹೆಣ್ಣುಮಕ್ಕಳು ಬೈದುಕೊಳ್ಳುವುದಕ್ಕೆ ಕಾರಣ ಆ ಕಿಣ್ವ ಮುರಿದು ಹಾಕಿದ ಪಿಷ್ಟ.

ಜೋಳ ಕೀಳುವ ದಿನ ಮನೆ ಏಳುವುದು ನಸುಕಿನ ನಾಲ್ಕಕ್ಕೆ. ಒಲೆಯ ಮುಂದೆ ರೊಟ್ಟಿಯ ಟಪ್ ಟಪ್ ಸದ್ದು, ಬುಟ್ಟಿಗೆ ಕಟ್ಟಿದ ಬುತ್ತಿ, ಹಿಂಡಿ, ಉಳ್ಳಾಗಡ್ಡಿ. ಬೆಳಕು ಹರಿಯುವ ಮೊದಲೇ ಆಳುಗಳು ಸಾಲು ಹಿಡಿಯುತ್ತಾರೆ. ನಮ್ಮ ಕಡೆ ಹಿಂಗಾರಿ ಜೋಳವನ್ನು ಕೊಯ್ಯುವುದಕ್ಕಿಂತ ಬೇರುಸಹಿತ ಕೀಳುವುದೇ ವಾಡಿಕೆ. ಹೊರಗಿನವರಿಗೆ ಇದು ವೃಥಾ ಶ್ರಮ ಅನ್ನಿಸಬಹುದು. ಎರಡು ಕೈಯಲ್ಲಿ ದಂಟು ಹಿಡಿದು, ಬೆನ್ನು ಬಗ್ಗಿಸಿ ಜಗ್ಗಿ, ಬುಡವನ್ನು ಕಾಲಿಗೆ ಬಡಿದು ಮಣ್ಣು ಉದುರಿಸಿ ಸಾಲಿಗೆ ಒಗೆಯುವ ಕೆಲಸ ನಡು ಮುರಿಯುತ್ತದೆ. ಆದರೆ ದಂಟಿನ ಬುಡವೂ ಮೇವಾಗಿ ಸಿಗುತ್ತದೆ, ಕುಂಟಿ ಹೊಡೆಯುವಾಗ ಕೂಳೆ ಕಾಲಿಗೆ ಚುಚ್ಚುವುದಿಲ್ಲ. ಮೂರನೆಯ ಲಾಭವೊಂದಿದೆ. ಕೊಯ್ದ ಜೋಳದ ಕೂಳೆ ಅಕಾಲ ಮಳೆಗೆ ಚಿಗುರಿದರೆ ಆ ಎಳೆ ಚಿಗುರು ದನಕ್ಕೆ ವಿಷ. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಜೋಳದ ಎಳೆ ಗಿಡದಿಂದ ಧುರಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ದನ ಅಗಿದಾಗ ಅದು ಒಡೆದು ಸಯನೈಡ್ ಬಿಡುತ್ತದೆ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಆ ಭಯ ಬಹುಮಟ್ಟಿಗೆ ಇಲ್ಲ. ಎಳೆ ಜೋಳದ ಹೊಲಕ್ಕೆ ದನ ಹೋಗಗೊಡಬಾರದು ಎಂಬುದು ಹೊಲದಲ್ಲಿ ಬೆಳೆದ ಹುಡುಗನಿಗೆ ಶಾಲೆಗೆ ಹೋಗುವ ಮುಂಚೆಯೇ ತಿಳಿದಿರುತ್ತದೆ.

ನಸುಕಿನಲ್ಲೇ ಯಾಕೆ? ಬಿಸಿಲು ಒಂದು ಕಾರಣ ಅಷ್ಟೆ. ಇಬ್ಬನಿ ಇನ್ನೊಂದು. ರಾತ್ರಿ ತಣಿದ ಎಲೆಯ ಮೇಲೆ ಕೂತ ತೇವ ಎಲೆಯಂಚನ್ನು ಮೆತ್ತಗೆ ಮಾಡುತ್ತದೆ. ಒಣಗಿದ ಜೋಳದ ಎಲೆಯಂಚಿನಲ್ಲಿ ಸಿಲಿಕಾದ ಸಣ್ಣ ಹಲ್ಲುಗಳಿರುತ್ತವೆ. ಹೊತ್ತೇರಿದ ಮೇಲೆ ಅವೇ ಮುಂಗೈ ಗೀರುತ್ತವೆ. ಪಕ್ಕದ ಅಕ್ಕಡಿಯ ಕಡಲೆಗಂತೂ ಇಬ್ಬನಿ ಇಲ್ಲದೆ ಕೈ ಹಚ್ಚುವಂತಿಲ್ಲ. ಒಣಗಿದ ಕಡಲೆಯ ಸಿಪ್ಪೆ ಬಿಸಿಲಿಗೆ ಸೆಟೆದು ನಿಂತಿರುತ್ತದೆ, ಮುಟ್ಟಿದರೆ ಕಾಯಿ ಉದುರಿ ಬಿರುಕಿನ ಪಾಲು. ತೇವ ಹೀರಿದ ಸಿಪ್ಪೆ ಬಾಗುತ್ತದೆ, ಮುರಿಯುವುದಿಲ್ಲ. ಅದೇ ಕಡಲೆ ಹಸಿರಿದ್ದಾಗ ಇಬ್ಬನಿಯಲ್ಲಿ ತೆಳು ಬಟ್ಟೆ ಎಳೆದು ಹಿಂಡಿ ಹುಳಿ ಇಳಿಸುತ್ತಿದ್ದರು. ಗಿಡದ ಮೈಮೇಲಿನ ಸಣ್ಣ ಕೂದಲು ಒಸರುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಅದು. ಹೊಟ್ಟೆನೋವಿಗೆಂದು ಬಾಟಲಿಯಲ್ಲಿ ತುಂಬಿಡುತ್ತಿದ್ದ ಮುದುಕಿಯರು ಈಗ ಕಡಿಮೆ.

ಕಿತ್ತ ಜೋಳ ನಾಲ್ಕೈದು ದಿನ ಸಾಲಲ್ಲೇ ಒಣಗುತ್ತದೆ. ಆಮೇಲೆ ತೆನಿ ಮುರಿಯುವುದು, ಕಣಿಕೆ ಸೂಡು ಕಟ್ಟಿ ಬಣವಿ ಒಟ್ಟುವುದು. ತೆನೆ ಕಣಕ್ಕೆ. ಈ ಹಂತದಲ್ಲಿ ತೆನೆಯಿಂದ ಉದುರುವ ಸುಂಕು ಎಲ್ಲರ ಮೈ ತಿನ್ನುತ್ತದೆ, ಕುತ್ತಿಗೆಗೆ ಟವೆಲ್ ಸುತ್ತಿದರೂ ಬಿಡದು.

ಎರಿ ನೆಲದಲ್ಲಿ ಕಣ ಮಾಡುವುದು ಸುಲಭವಲ್ಲ, ಬಿರುಕುಗಳೆಲ್ಲ ಕಾಳು ನುಂಗುತ್ತವೆ. ನೀರು ಹೊಡೆದು, ದನ ಅಡ್ಡಾಡಿಸಿ, ಕಲ್ಲು ಉರುಳಿಸಿ ಗಟ್ಟಿ ಮಾಡಿ, ಸಗಣಿ ಸಾರಿಸಿದ ಮೇಲಷ್ಟೇ ಅದು ಕಣ. ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ಹಂತಿ ಹೊಡೆಯುತ್ತಿದ್ದ ಕಾಲದಲ್ಲಿ ಯಾವ ಎತ್ತು ಎಲ್ಲಿ ಎಂಬುದಕ್ಕೂ ಕ್ರಮವಿತ್ತು. ಮೇಟಿಯಿಂದ ಎರಡು ಮೀಟರ್ ದೂರದ ಎತ್ತಿಗೆ ಒಂದು ಸುತ್ತೆಂದರೆ ಹನ್ನೆರಡೂವರೆ ಮೀಟರ್ ನಡಿಗೆ. ಆರು ಮೀಟರ್ ದೂರದ ಎತ್ತಿಗೆ ಮೂವತ್ತೆಂಟು. ಸುತ್ತು ಎಲ್ಲಕ್ಕೂ ಒಂದೇ ಹೊತ್ತಿಗೆ ಮುಗಿಯಬೇಕಾದ್ದರಿಂದ ಹೊರಗಿನದು ಒಳಗಿನದಕ್ಕಿಂತ ಮೂರು ಪಟ್ಟು ಜೋರಾಗಿ ನಡೆಯಬೇಕು. ಮುದಿ ಎತ್ತು ಮೇಟಿಗೆ ಹತ್ತಿರ, ಹರೆಯದ ಹೋರಿ ಹೊರಬದಿಗೆ. ರಾತ್ರಿಯಿಡೀ ಹಂತಿಯ ಹಾಡು ನಡೆಯುತ್ತಿದ್ದುದು ಹೊಡೆಯುವವನಿಗೆ ನಿದ್ದೆ ಬರಬಾರದೆಂದು. ಈಗ ಟ್ರ್ಯಾಕ್ಟರಿಗೆ ಹಚ್ಚಿದ ರಾಶಿ ಮಶೀನು ಹಂತಿಯವರ ಹಲವು ದಿನದ ಕೆಲಸವನ್ನು ಒಂದು ಹೊತ್ತಿನಲ್ಲಿ ಮುಗಿಸುತ್ತದೆ. ಹಾಡು ಹೋಯಿತೆಂದು ಕಣ್ಣೀರಿಡುವವರು ಸುಂಕಿನ ನಡುವೆ ಒಂದು ರಾತ್ರಿ ಎತ್ತಿನ ಹಿಂದೆ ತಿರುಗಿ ನೋಡಿದವರಲ್ಲ ಎಂಬುದು ನನ್ನ ಗುಮಾನಿ. ಆದರೂ ಮಶೀನಿಗೆ ತನ್ನದೇ ರೋಗವಿದೆ. ಉರುಳೆಯ ವೇಗ ಹೆಚ್ಚಿದರೆ ಕಾಳು ಸೀಳುತ್ತದೆ, ಸೀಳಿದಲ್ಲಿ ಹುಳು ಹೊಗುತ್ತದೆ. ತೆನೆ ಹಸಿಯಿದ್ದರೆ ಕಾಳು ಬಿಡುವುದೇ ಇಲ್ಲ. ಮಶೀನಿನವನೂ ‘ಮಧ್ಯಾನ್ಹಾಗ್ಲಿ ತಡೀರಿ’ ಎನ್ನುವುದು ಅದಕ್ಕೇ. ಕಾಳನ್ನು ಹಿಡಿದಿರುವ ತೊಟ್ಟು ಬಿಸಿಲಿಗೆ ಒಣಗಿ ಪೆಡಸಾದಾಗಲೇ ಅದು ಪಟ್ಟನೆ ಮುರಿಯುತ್ತದೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ತೂರುವುದು. ಭೌತವಿಜ್ಞಾನದ ಒಂದು ಇಡೀ ಪಾಠ ಅಲ್ಲಿ ನಡೆಯುತ್ತದೆ. ಎತ್ತರದ ಮಣೆಯ ಮೇಲೆ ನಿಂತು ಬುಟ್ಟಿ ಅಲುಗಿಸುವವನ ಕೈ ನೆಲದಿಂದ ಎರಡು ಮೀಟರ್ ಮೇಲಿದೆ ಎನ್ನಿ. ಗಾಳಿ ಸೆಕೆಂಡಿಗೆ ಮೂರು ಮೀಟರ್, ಅಂದರೆ ಗಂಟೆಗೆ ಹನ್ನೊಂದು ಕಿಲೋಮೀಟರ್, ಎಲೆ ಅಲ್ಲಾಡುವಷ್ಟು. ಗಾಳಿಯಲ್ಲಿ ಬೀಳುವ ಯಾವ ವಸ್ತುವಿಗೂ ಒಂದು ವೇಗದ ಮಿತಿಯಿದೆ. ಗಾಳಿಯ ತಡೆಯೂ ತೂಕವೂ ಸರಿಸಮವಾದಾಗ ಅದಕ್ಕಿಂತ ಜೋರಾಗಿ ಬೀಳಲಾರದು. ದುಂಡಗಿನ ಒಳ್ಳೆಯ ಜೋಳದ ಕಾಳಿಗೆ ಈ ಮಿತಿ ಸೆಕೆಂಡಿಗೆ ಸುಮಾರು ಹತ್ತು ಮೀಟರ್ ಎಂದಿಟ್ಟುಕೊಳ್ಳೋಣ, ಹೊಟ್ಟಿಗೆ ಒಂದೂವರೆ. ಕಾಳು ಎರಡು ಮೀಟರ್ ಇಳಿಯಲು ಮುಕ್ಕಾಲು ಸೆಕೆಂಡೂ ಬೇಡ. ಅಷ್ಟರಲ್ಲಿ ಗಾಳಿ ಅದನ್ನು ಸರಿಸುವುದು ಹೆಚ್ಚೆಂದರೆ ಒಂದು ಗೇಣು. ಹೊಟ್ಟು ತೇಲುತ್ತ ಇಳಿಯಲು ಒಂದು ಸೆಕೆಂಡಿನ ಮೇಲೆ ಮೂರನೇ ಒಂದು ಬೇಕು, ಅದೂ ಗಾಳಿಯ ವೇಗದಲ್ಲೇ ಸಾಗುತ್ತ. ನಾಲ್ಕು ಮೀಟರ್ ಆಚೆ ಹೋಗಿ ಬೀಳುತ್ತದೆ. ಇನ್ನು ಜೊಳ್ಳು. ಗಾತ್ರ ಕಾಳಿನದೇ, ತೂಕ ಕಾಲುಭಾಗ. ತೂಕ ಕಾಲಾದರೆ ವೇಗದ ಮಿತಿ ಅರ್ಧವಾಗುತ್ತದೆ. ಲೆಕ್ಕ ಹಾಕಿದರೆ ಅದು ಬೀಳುವುದು ಎರಡು ಮೊಳದ ಆಸುಪಾಸು. ಒಂದೇ ಬುಟ್ಟಿಯಿಂದ ಬಿದ್ದದ್ದು ನೆಲದ ಮೇಲೆ ಗೇಣಿಗೆ ಕಾಳು, ಎರಡು ಮೊಳಕ್ಕೆ ಜೊಳ್ಳು, ಒಂಬತ್ತು ಮೊಳಕ್ಕೆ ಹೊಟ್ಟು ಎಂದು ತಾನೇ ವಿಂಗಡವಾಗುತ್ತದೆ. ಗಾಳಿ ಬರುವ ಬದಿಗೆ ಬಿದ್ದ ಕಾಳೇ ತೂಕದ ಕಾಳು. ಬೀಜಕ್ಕೆ ಆ ಬದಿಯಿಂದ ಎತ್ತುವುದರಲ್ಲಿ ಅರ್ಥವಿದೆ.

ಗಾಳಿಯೇ ಇಲ್ಲದ ಕಡೆ ಇದೊಂದೂ ನಡೆಯದು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು, ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಚಂದ್ರನ ಮೇಲೆ ಜೋಳ ಬೆಳೆದರೂ ರಾಶಿ ಮಾಡುವುದು ಆಗದ ಮಾತು. ಗಾಳಿ ಜೋರಿರಬೇಕೆಂದೂ ಇಲ್ಲ. ದಿಕ್ಕು ಬದಲಿಸದೆ ಒಂದೇ ಸಮ ಬೀಸಿದರೆ ಸಾಕು. ಸುಳಿಗಾಳಿ ಎದ್ದರೆ ಹೊಟ್ಟು ತಿರುಗಿ ರಾಶಿಯ ಮೇಲೇ ಬೀಳುತ್ತದೆ. ಗಾಳಿ ಬಿದ್ದಾಗ ಕಣದಲ್ಲಿ ಎಲ್ಲರೂ ಸುಮ್ಮನೆ ಕೂತು ಎಲಿ ಅಡಕಿ ಹಾಕಿಕೊಳ್ಳುತ್ತಾರೆ. ಮಶೀನಿನ ಹೊಟ್ಟೆಯಲ್ಲಿರುವ ಪಂಖವೂ ಮಾಡುವುದು ಇದನ್ನೇ, ಅದಕ್ಕೆ ಎಲಿ ಅಡಕಿ ಬೇಡ ಅಷ್ಟೆ.

ರಾಶಿಯಾಯಿತು. ಈಗ ಕಾಳು ಎಷ್ಟು ಒಣಗಿದೆ ಎಂಬ ಪ್ರಶ್ನೆ. ಒಂದು ಹೊಲದಲ್ಲಿ ಹಿರಿಯರೊಬ್ಬರು ನನ್ನ ಅಂಗೈಗೆ ನಾಲ್ಕು ಕಾಳು ಹಾಕಿ, ‘ಕಡದ ನೋಡ್ರಿ. ಕಟಕ್ ಅಂದ್ರ ಒಣಗೇತಿ, ಚಪ್ಪ್ ಅಂದ್ರ ಇನ್ನಾ ಎರಡ ಬಿಸಲ ಬೇಕು’ ಎಂದರು. ‘ಚೀಲಕ್ಕ ತುಂಬಿದ ಮ್ಯಾಲೆ ಗೊತ್ತಾದ್ರ ಏನ್ ಮಾಡ್ತೀರಿ ಮುತ್ಯಾ?’ ಎಂದು ಕೇಳಿದೆ. ‘ಕೈ ಒಳಗ ತೂರಿಸಿದ್ರ ಬೆಚ್ಚಗ ಹತ್ತತೈತಿ. ಸುರುವಿ ಮತ್ತ ಹರವೂದು. ಮತ್ತೇನ?’ ಹಲ್ಲು ಮತ್ತು ಅಂಗೈ, ಎರಡೂ ನಂಬಬಹುದಾದ ಉಪಕರಣಗಳೇ. ಕಾಳಿನ ಪಿಷ್ಟ ಮತ್ತು ಪ್ರೋಟೀನಿನ ಸರಪಳಿಗಳ ನಡುವೆ ನೀರಿನ ಕಣ ಕೂತಿದ್ದರೆ ಅವು ಒಂದರ ಮೇಲೊಂದು ಜಾರುತ್ತವೆ, ಕಾಳು ಹಲ್ಲಿಗೆ ನಾರಿನಂತೆ ಬಾಗುತ್ತದೆ. ನೀರು ಹೋದಂತೆ ಸರಪಳಿಗಳು ಬಿಗಿದುಕೊಂಡು ಗಾಜಿನ ಸ್ಥಿತಿಗೆ ಬರುತ್ತವೆ. ಅದು ಕಟಕ್. ಇನ್ನು ಹಸಿ ಕಾಳು ಬೆಚ್ಚಗಾಗುವುದು ಉಸಿರಾಟದಿಂದ. ಕಾಳು ಜೀವಂತ, ಅದರ ಮೇಲಿನ ಬೂಜೂ ಜೀವಂತ. ಇಬ್ಬರಿಗೂ ನೀರು ಸಿಕ್ಕಿದರೆ ಇಬ್ಬರೂ ಪಿಷ್ಟ ಸುಟ್ಟು ಶಾಖ ಬಿಡುತ್ತಾರೆ.

ಪೇಟೆಯ ಮೀಟರು ಇದನ್ನೇ ವಿದ್ಯುತ್ತಿನಿಂದ ಅಳೆಯುತ್ತದೆ. ವಿದ್ಯುತ್ ಕ್ಷೇತ್ರಕ್ಕೆ ನೀರು ಒಣ ಪಿಷ್ಟಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸ್ಪಂದಿಸುತ್ತದೆ. ಎರಡು ಲೋಹದ ತಗಡಿನ ನಡುವೆ ಕಾಳು ಸುರಿದು ಆ ಸ್ಪಂದನೆ ಅಳೆದರೆ ನೀರಿನ ಪಾಲು ಸಿಗುತ್ತದೆ. ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ನೂರಕ್ಕೆ ಇಪ್ಪತ್ತು ನೀರಿರುವ ಒಂದು ಕ್ವಿಂಟಲ್ ಜೋಳದಲ್ಲಿ ನಿಜವಾದ ಒಣ ಸರಕು 80 ಕೆಜಿ. ಅದೇ ಜೋಳವನ್ನು ಹನ್ನೆರಡಕ್ಕೆ ಇಳಿಸಿದರೆ ತಕ್ಕಡಿಯಲ್ಲಿ ತೂಗುವುದು 91 ಕೆಜಿ ಮಾತ್ರ. ಒಂಬತ್ತು ಕೆಜಿ ಗಾಳಿಗೆ ಹೋಯಿತು. ಹಸಿಯಾಗಿ ಮಾರಿದರೆ ವ್ಯಾಪಾರಿ ದರ ಮುರಿಯುತ್ತಾನೆ, ಒಣಗಿಸಿ ಮಾರಿದರೆ ತೂಕ ಮುರಿಯುತ್ತದೆ. ಒಣಗಿಸಿದ್ದಕ್ಕೆ ಕೂಲಿ ಕೊಡುವವರು ಯಾರೂ ಇಲ್ಲ.

ಒಣಗಿಸುವುದಾದರೂ ಎಲ್ಲಿಯವರೆಗೆ? ಕಾಳು ಸದಾ ಸುತ್ತಲ ಗಾಳಿಯೊಂದಿಗೆ ನೀರಿನ ಕೊಡುಕೊಳು ನಡೆಸುತ್ತದೆ. ಫೆಬ್ರುವರಿಯ ಮಧ್ಯಾಹ್ನ ಈ ಕಡೆಯ ಗಾಳಿ ಎಷ್ಟು ಒಣಗಿರುತ್ತದೆಂದರೆ ಹರವಿದ ಕಾಳು ಹತ್ತಕ್ಕಿಂತ ಕೆಳಗೂ ಇಳಿಯಬಲ್ಲದು. ಆಷಾಢದ ಗಾಳಿಯಲ್ಲಿ ಅದೇ ಕಾಳು ಮತ್ತೆ ನೀರು ಹೀರಿ ಹದಿನಾಲ್ಕಕ್ಕೆ ಏರುತ್ತದೆ, ಬೂಜಿಗೆ ಬೇಕಾದ ಮಟ್ಟ. ಹಾಗಾಗಿ ಒಣಗಿಸಿದರೆ ಸಾಲದು, ಗಾಳಿಯಿಂದ ಬೇರೆ ಮಾಡಬೇಕು. ಇದಕ್ಕೆ ಉತ್ತರ ಕರ್ನಾಟಕದ ಉತ್ತರ ಹಗೇವು.

ಮನೆಯ ಮುಂದೆ ಅಥವಾ ಊರ ಎತ್ತರದ ಒಣ ಜಾಗದಲ್ಲಿ ತೆಗೆದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಒಣಹುಲ್ಲು ಹಾಸಿ, ಜೋಳ ಸುರಿದು, ಮೇಲೆ ಮತ್ತೆ ಹುಲ್ಲು, ಹಾಸುಗಲ್ಲು, ಮಣ್ಣಿನ ಮೆತ್ತಿಗೆ. ಒಳಗೆ ಸಿಕ್ಕಿಬಿದ್ದ ಗಾಳಿಯ ಆಮ್ಲಜನಕವನ್ನು ಕಾಳು, ಬೂಜು, ಹುಳು ಸೇರಿ ಉಸಿರಾಡಿ ಮುಗಿಸುತ್ತವೆ. ಉಳಿಯುವುದು ಇಂಗಾಲದ ಡೈಆಕ್ಸೈಡು. ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಉರಿಯುವ ದೀಪ ಇಳಿಬಿಟ್ಟು ಆರುವುದೋ ಎಂದು ನೋಡುತ್ತಿದ್ದರು. ಅವಸರಕ್ಕೆ ಇಳಿದು ಸತ್ತವರಿದ್ದಾರೆ. ಗೋಡೆಗೆ ತಾಗಿದ ಕಾಳಿಗೆ ಕಮಟು ಹತ್ತುತ್ತಿತ್ತು, ಹಗೇವಿನ ಜೋಳದ ರೊಟ್ಟಿಯ ವಾಸನೆಯೇ ಬೇರೆ. ಬಿತ್ತಲು ಮಾತ್ರ ಆ ಕಾಳನ್ನು ನೆಚ್ಚುತ್ತಿರಲಿಲ್ಲ. ಬೀಜದ ತೆನೆಯನ್ನು ಬೇರೆ ತೆಗೆದು ಒಲೆಯ ಹೊಗೆ ತಾಗುವಲ್ಲಿ ಜೋತುಬಿಡುತ್ತಿದ್ದರು.

ಹುಳು ಸಾಯುವುದು ಉಸಿರುಗಟ್ಟಿ ಎಂದೇ ಬಹುಕಾಲ ಅಂದುಕೊಂಡಿದ್ದೆವು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಸಂಗಡಿಗರು ಆಫ್ರಿಕದ ಅಲಸಂದೆ ರೈತರಿಗಾಗಿ ಗಾಳಿಯಾಡದ ಚೀಲ ರೂಪಿಸಿದ್ದರು. ಅಲಸಂದೆಯ ಹುಳುವಿನ ಬಗ್ಗೆ 2012ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಬೇರೆಯೇ ಕಾರಣ ತೋರಿಸಿತು. ಒಣ ಕಾಳಿನೊಳಗೆ ಬದುಕುವ ಹುಳಕ್ಕೆ ಕುಡಿಯಲು ನೀರೆಲ್ಲಿ? ಅದು ನೀರನ್ನು ತಾನೇ ತಯಾರಿಸಿಕೊಳ್ಳುತ್ತದೆ. ನೂರು ಗ್ರಾಂ ಪಿಷ್ಟ ಆಮ್ಲಜನಕದೊಂದಿಗೆ ಪೂರ್ತಿ ಉರಿದರೆ ಐವತ್ತೈದು ಗ್ರಾಂ ನೀರು ಹುಟ್ಟುತ್ತದೆ. ಆಮ್ಲಜನಕ ನಿಂತರೆ ಆ ನೀರೂ ನಿಂತಿತು. ಹುಳ ತಿನ್ನುವುದನ್ನು ಬಿಡುತ್ತದೆ, ಬೆಳೆಯುವುದನ್ನು ಬಿಡುತ್ತದೆ, ಕೊನೆಗೆ ಸಾಯುವುದು ಬಾಯಾರಿ.

ಹಗೇವುಗಳು ಹೋದುದಕ್ಕೆ ಕಾರಣ ಹಲವು. ಊರು ಬೆಳೆದು ಜಾಗ ಸಾಲದಾಯಿತು, ರೇಶನ್ ಅಂಗಡಿ ಬಂತು, ವರ್ಷಗಟ್ಟಲೆ ಜೋಳ ಕೂಡಿಡುವ ಬರದ ಭಯ ಕಡಿಮೆಯಾಯಿತು. ನೀರಾವರಿಯೂ ಅದರಲ್ಲೊಂದು. ಹಗೇವಿಗೆ ಒಣ ನೆಲ ಬೇಕು. ಕಾಲುವೆ, ಕಬ್ಬು, ಹಿನ್ನೀರು ಬಂದ ಕಡೆ ನೆಲದ ಒಳಗಿನ ತೇವ ಮೇಲೇರುತ್ತದೆ, ಗುಂಡಿಯ ಗೋಡೆ ಬೆವರುತ್ತದೆ. ಮನೆಯ ಮೂಲೆಯಲ್ಲಿ ಈಗ ನಿಂತಿರುವುದು ತಗಡಿನ ಪೀಪಾಯಿ, ಪ್ಲಾಸ್ಟಿಕ್ ಚೀಲ. ದಪ್ಪ ಪ್ಲಾಸ್ಟಿಕ್ಕಿನ ಒಳಪದರವಿರುವ ಗಾಳಿಯಾಡದ ಚೀಲಗಳು ಹಗೇವಿನ ತತ್ವದವೇ, ಆದರೆ ಬಳಸುವವರು ಒಂದು ಮಾತು ಗಮನಿಸಬೇಕು. ದಿನಾ ರೊಟ್ಟಿಗೆಂದು ಬಾಯಿ ಬಿಚ್ಚುವ ಚೀಲಕ್ಕೆ ದಿನಾ ಹೊಸ ಆಮ್ಲಜನಕ ಸಿಗುತ್ತದೆ, ಹುಳಕ್ಕೆ ನೀರೂ ಸಿಗುತ್ತದೆ. ಗಿರಣಿಗೆ ಹಾಕುವ ತಿಂಗಳ ಜೋಳವನ್ನು ಡಬ್ಬಿಗೆ ಬೇರೆ ತೆಗೆದು, ಬೇವಿನೆಲೆ ಹಾಕಿಟ್ಟು, ಉಳಿದ ಚೀಲಗಳ ಬಾಯಿಯನ್ನು ಮೂರು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ ಮಿರಗದ ಮಳೆ ಬರುವ ಮುಂಚೆ ಅಟ್ಟಕ್ಕೆ ಏರಿಸುವುದು ಒಳ್ಳೆಯದು. ನೆಲಕ್ಕೆ ಇಡುವುದಾದರೆ ಕೆಳಗೆ ಹಲಗೆ ಇರಲಿ. ಫರಸಿಕಲ್ಲು ಮಳೆಗಾಲದಲ್ಲಿ ತಣ್ಣಗಿರುತ್ತದೆ, ತಣ್ಣಗಿನ ಕಲ್ಲಿನ ಮೇಲೆ ಹಸಿಗಾಳಿ ಹನಿಗಟ್ಟುತ್ತದೆ, ಗೋಣಿಚೀಲವಾದರೆ ಅದನ್ನು ಕೆಳಗಿನಿಂದ ಹೀರುತ್ತದೆ.